ಅರವತ್ತನಾಲ್ಕನೆಯ ಆಳು

ಮಿರಾನ್ ಮದುವೆಯಾಗಿ ಬಂದ ಹದಿನೇಳು ವರ್ಷದಲ್ಲಿ ತಾಕ್ ಗುನ್‌ಶಿಕ್‌ನ ಮನೆಯ ಕಿಮ್ಚಿ ಉಪ್ಪಿನಕಾಯಿಯ ಫ್ರಿಜ್ಜು ಹನ್ನೊಂದು ಸಲ ಜಾಗ ಬದಲಿಸಿದೆ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮಲಗುವ ಕೋಣೆಯ ಬಾಗಿಲಿಗೆ, ಅಲ್ಲಿಂದ ತಿರುಗಿ ಅಡುಗೆಮನೆಗೆ. ಪ್ರತಿ ಸಲವೂ ಅವನ ಹತ್ತಿರ ಒಂದು ಕಾರಣ ಇರುತ್ತಿತ್ತು, ಕಾರಣ ಸರಿಯಾಗೇ ಇರುತ್ತಿತ್ತು, ಆದರೂ ವರ್ಷ ಒಂದೂವರೆ ವರ್ಷವಾದರೆ ಫ್ರಿಜ್ಜು ಮತ್ತೆ ಎದ್ದು ನಡೆಯುತ್ತಿತ್ತು. ತಾನು ಕಟ್ಟಿಕೊಂಡದ್ದು ಗಂಡನನ್ನಲ್ಲ, ಮನೆ ಸಾಗಿಸುವ ಲಾರಿಯವನನ್ನು ಅಂತ ಮಿರಾನ್ ತಾನು ಕೆಲಸ ಮಾಡುವ ಪಲ್ಯದಂಗಡಿಯಲ್ಲಿ ಹೇಳಿ ನಗಿಸುತ್ತಾಳೆ. ಅದೂ ಪೂರ್ತಿ ಸುಳ್ಳಲ್ಲ. ಮೂರು ವರ್ಷ ಅವನು ಆ ಲಾರಿಯನ್ನೂ ಓಡಿಸಿದ್ದ.

ಅದಕ್ಕೆ ಮುಂಚೆ ಹಡಗುಕಟ್ಟೆಯಲ್ಲಿ ತುಕ್ಕು ಉಜ್ಜುತ್ತಿದ್ದ. ಗುತ್ತಿಗೆ ಕಾರ್ಮಿಕರು ಮುಷ್ಕರ ಹೂಡಿದಾಗ ಹದಿಮೂರು ದಿನ ಗೇಟಿನ ಮುಂದೆ ಕೂತವರಲ್ಲಿ ಅವನೂ ಒಬ್ಬ. ಕೂತ ಅಂತ ಹೇಳುವುದು ಉಳಿದವರ ಲೆಕ್ಕ. ಅವನು ದಿನಾ ಬೆಳಿಗ್ಗೆ ಎದ್ದು, ನಿನ್ನೆಯ ಅಡ್ಡಗಟ್ಟೆ ತಪ್ಪು, ಡ್ರಮ್ಮುಗಳನ್ನು ಹೀಗಿಡಬೇಕು, ಹಲಗೆ ಹಾಗಿಡಬೇಕು ಅಂತ ಹೊಸ ನಕ್ಷೆ ಬರೆಯುತ್ತಿದ್ದ. ಕುಂಡೆ ಊರಿ ಕೂತ್ಕೊಳ್ಳೋ ಮಾರಾಯ ಅಂತ ಜೊತೆಯವರು ಬೈಯುತ್ತಿದ್ದರು. ಹದಿನಾಲ್ಕನೆಯ ದಿನ ಲಾಠಿ ಬಂತು. ಯಾವ ನಕ್ಷೆಯೂ ನಿಲ್ಲಲಿಲ್ಲ. ತಾಕ್‌ನ ಎಡಗಡೆಯ ಕೊರಳೆಲುಬು ಮುರಿಯಿತು, ಹೊಡೆದವನ ಮುಂಗೈಯೂ ತಿರುಚಿಕೊಂಡಿತು. ಒಂದೇ ಆಸ್ಪತ್ರೆಯ ಒಂದೇ ಬೆಂಚಿನಲ್ಲಿ ಇಬ್ಬರೂ ಎಕ್ಸ್‌ರೇಗೆ ಕಾದರು. ಮುಷ್ಕರದ ಬಗ್ಗೆ ತಾಕ್ ಯಾರಿಗಾದರೂ ಹೇಳುವುದಿದ್ದರೆ ಈ ಬೆಂಚಿನ ಮಾತು ಒಂದನ್ನೇ.

ಆಮೇಲೆ ಅಕ್ಕಿ ಕಡುಬಿನ ಗಾಡಿ, ಆಮೇಲೆ ಲಾರಿ, ಈಗ ಮಾಸಾನ್‌ನ ಗುಡ್ಡದ ಬೀದಿಗಳಲ್ಲಿ ಟ್ಯೂಷನ್ ಶಾಲೆಯ ಹಳದಿ ವ್ಯಾನು. ಇಪ್ಪತ್ತಮೂರು ಮಕ್ಕಳು, ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಮೊದಲ ಮಗು. ಯಾವ ಓಣಿಯಿಂದ ಹೊಕ್ಕು ಯಾವ ಓಣಿಯಿಂದ ಹೊರಬಿದ್ದರೆ ಎರಡು ನಿಮಿಷ ಉಳಿಯುತ್ತದೆ ಎಂದು ಅವನು ವಾರಕ್ಕೊಂದು ದಾರಿ ಹಿಡಿಯುತ್ತಾನೆ. ಉಳಿದ ಎರಡು ನಿಮಿಷದಿಂದ ಯಾರಿಗೂ ಏನೂ ಉಪಯೋಗವಿಲ್ಲ, ತಾಯಂದಿರು ಮಾತ್ರ ಚಪ್ಪಲಿ ಸಿಕ್ಕಿಸಿಕೊಂಡು ಓಡಿಬರಬೇಕು. ಶಾಲೆಯ ಯಜಮಾನ ಎರಡು ಸಲ ಕರೆದು ಎಚ್ಚರಿಸಿದ್ದಾನೆ.

ಇಂಥವನ ಕೈಗೆ ಆ ಆಟ ಸಿಕ್ಕಿದ್ದು ಅಂದರೆ ಮಂಗನ ಕೈಗೆ ಹೆಂಡ ಸಿಕ್ಕಿದ ಹಾಗೆ.

ವ್ಯಾನು ನಿಲ್ಲಿಸುವ ಜಾಗದ ಎದುರಿಗೇ ಒಂದು ಮೀನೂಟದ ಹೋಟೆಲು, ಅದರ ಮೇಲ್ಮಹಡಿಯಲ್ಲಿ ಒ ಮಲ್ಜಾ ಎಂಬ ಅರವತ್ತಮೂರರ ಹೆಂಗಸಿನ ಪಿಸಿ ಬಾಂಗ್, ಕಂಪ್ಯೂಟರ್ ಆಟದ ಅಂಗಡಿ. ನಲವತ್ತು ಕಂಪ್ಯೂಟರು, ನಲವತ್ತು ಕುರ್ಚಿ, ಗಂಟೆಗೆ ಸಾವಿರದಿನ್ನೂರು ವೊನ್. ಕೂತಲ್ಲಿಗೇ ರಾಮ್ಯೊನ್ ನೂಡಲ್ಸು ಬರುತ್ತದೆ, ಕರಿದ ಮಂಡು ಕಡುಬು ಬರುತ್ತದೆ. ಗಿರಾಕಿಗಳು ಅವಳನ್ನು ಚಿಕ್ಕಮ್ಮ ಅಂತಾರೆ. ತಾಕ್ ಬೆಳಿಗ್ಗೆ ಒಂಬತ್ತೂವರೆಗೆ ಹತ್ತಿದರೆ ಒಂದೂ ಇಪ್ಪತ್ತಕ್ಕೆ ಇಳಿಯುವುದು. ಅಲ್ಲಿ ಬೆಳಗಿನ ಗಿರಾಕಿಗಳೆಲ್ಲ ಅವನಂಥವರೇ, ನಡುವಯಸ್ಸಿನವರು, ಅರ್ಧ ದಿನದ ಕೆಲಸದವರು.

ಆಟ ಹೇಳುವುದಕ್ಕೆ ಸುಲಭ. ಒಬ್ಬ ಆಳನ್ನು ಹುಟ್ಟಿಸಬೇಕು, ಅವನನ್ನು ಭೂತಪಿಶಾಚಿಗಳ ಮಧ್ಯೆ ನಡೆಸಿ ಗಟ್ಟಿ ಮಾಡಬೇಕು, ಕೊನೆಗೆ ಹಿಮದ ಗುಹೆಯಲ್ಲಿ ಕೂತ ಬಿಳಿಯಜ್ಜಿಯನ್ನು ಕೊಲ್ಲಬೇಕು. ಇವರೆಲ್ಲ ಆಡುತ್ತಿದ್ದದ್ದು ಒಂದೇ ಜೀವದ ಆಟ. ಆಳು ಒಮ್ಮೆ ಸತ್ತರೆ ಸತ್ತ, ಮುನ್ನೂರು ಗಂಟೆಯ ದುಡಿಮೆ ಮಣ್ಣು. ನಾಲ್ಕು ತಿಂಗಳಿಗೊಂದು ಋತು, ಋತು ಮುಗಿದರೆ ಎಲ್ಲರೂ ಮತ್ತೆ ಬರಿಗೈಯಿಂದ ಶುರು. ಕಷ್ಟ ಇರುವುದು ಆಳನ್ನು ಕಟ್ಟುವುದರಲ್ಲಿ. ಸಾವಿರದ ಮುನ್ನೂರು ಗಂಟುಗಳ ಒಂದು ಮರ ತೆರೆಯ ಮೇಲೆ ಹರಡಿಕೊಳ್ಳುತ್ತದೆ, ಒಂದೊಂದು ಗಂಟೂ ಆಳಿನ ಒಂದೊಂದು ಬಲ, ಅದರಲ್ಲಿ ನೂರಿಪ್ಪತ್ತನ್ನು ಮಾತ್ರ ಹಿಡಿಯಬಹುದು. ಯಾವುದನ್ನು ಹಿಡಿದರೆ ಯಾವುದು ಕೂಡುತ್ತದೆ, ಯಾವ ಕವಚಕ್ಕೆ ಯಾವ ಮಂತ್ರ ಹೊಂದುತ್ತದೆ, ಇದೆಲ್ಲ ಬಲ್ಲವರು ಪುಟಗಟ್ಟಲೆ ಬರೆದು ಹಾಕಿರುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಜನ ಅದನ್ನು ನೋಡಿಕೊಂಡು ಗೆರೆ ತಪ್ಪದೆ ಕಟ್ಟುತ್ತಾರೆ. ಸ್ವಂತ ಬುದ್ಧಿಯಿಂದ ಕಟ್ಟಿದ್ದು ಸಾಮಾನ್ಯವಾಗಿ ಕೆಟ್ಟು ಕೂರುತ್ತದೆ. ಅಂಥ ಕೆಟ್ಟ ಆಳಿಗೆ ಅಲ್ಲಿನವರು ಮಾಂಗ್‌ಖೆ ಅಂತಾರೆ.

ತಾಕ್ ಹನ್ನೊಂದು ಋತುವಿನಲ್ಲಿ ಅರವತ್ತಮೂರು ಮಾಂಗ್‌ಖೆ ಕಟ್ಟಿದ್ದ. ಬೆಂಕಿ ಉಗುಳುವ ಕುಂಟ, ಸತ್ತ ನಾಯಿಗಳನ್ನು ಎಬ್ಬಿಸಿ ಓಡಿಸುವ ಸನ್ಯಾಸಿನಿ, ಬರಿಗೈಯಲ್ಲಿ ಗುದ್ದುವ ಮಂತ್ರವಾದಿ. ಕೆಲವರು ಸತ್ತರು. ಹೆಚ್ಚಿನವರನ್ನು ಅವನೇ ಕೈಬಿಟ್ಟ. ಆಳು ಚೆನ್ನಾಗಿ ನಡೆಯಲು ಶುರುವಾದ ಕೂಡಲೆ ಅವನಿಗೆ ಅಂಗೈ ಕಡಿತ ಏಳುತ್ತಿತ್ತು, ಇನ್ನೊಂದು ರೀತಿ ಕಟ್ಟಿದ್ದರೆ ಏನಾಗುತ್ತಿತ್ತು ಎಂಬ ಕಡಿತ. ವ್ಯಾನಿನಲ್ಲಿ ಕೆಂಪು ದೀಪಕ್ಕೆ ನಿಂತಾಗ ಮಕ್ಕಳ ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ಮರ ಬರೆಯುತ್ತಿದ್ದ. ಮರುದಿನ ಹೊಸ ಆಳು.

ಚಿಕ್ಕಮ್ಮನ ಗಾಜಿನ ಬಾಗಿಲ ಮೇಲೆ ಪ್ರತಿ ಋತುವಿಗೂ ಒಂದು ಬಿಳಿ ಹಾಳೆ. ಬಿಳಿಯಜ್ಜಿಯನ್ನು ಕೊಂದ ಗಿರಾಕಿಗಳ ಹೆಸರನ್ನು ಅವಳು ದಪ್ಪ ಪೆನ್ನಿನಲ್ಲಿ ತಾನೇ ಬರೆಯುತ್ತಾಳೆ. ಹನ್ನೊಂದು ಹಾಳೆಯಲ್ಲೂ ಮೊದಲ ಹೆಸರು ಪ್ಯೋ ಜೊಂಗ್‌ಹೋ. ಪ್ಯೋ ಅಪಾರ್ಟ್‌ಮೆಂಟಿನ ಕಾವಲುಗಾರ, ತಾಕ್‌ಗಿಂತ ಏಳು ವರ್ಷ ದೊಡ್ಡವನು, ದಿನ ಬಿಟ್ಟು ದಿನ ಪಾಳಿ ಮುಗಿಸಿ ನೇರ ಇಲ್ಲಿಗೆ ಬರುವವನು. ಬಲ್ಲವರು ಬರೆದದ್ದನ್ನು ಅಚ್ಚು ಹಾಕಿಸಿ, ಮುಗಿದ ಸಾಲಿಗೆ ಟಿಕ್ ಹೊಡೆದು, ಹಾಗೇ ಕಟ್ಟುತ್ತಾನೆ. ಗೇಟಿನಲ್ಲಿ ವಾಹನದ ನಂಬರು ಬರೆದುಕೊಳ್ಳುವ ಹಾಗೆ. ತಾಕ್‌ನ ಹೆಸರು ಒಂದು ಹಾಳೆಯಲ್ಲೂ ಇಲ್ಲ.

ಹನ್ನೆರಡನೆಯ ಋತುವಿನ ಮೊದಲ ದಿನ ಪ್ಯೋ ರಾಮ್ಯೊನ್ ಹೀರುತ್ತಾ ಪಂಥ ಕಟ್ಟಿದ. ಈ ಋತುವಿನಲ್ಲಿ ತಾಕ್ ಸ್ವಂತ ಕಟ್ಟಿದ ಆಳಿನಿಂದ ಅಜ್ಜಿಯನ್ನು ಕೊಲ್ಲಬೇಕು. ಕೊಲ್ಲದಿದ್ದರೆ ಮುಂದಿನ ಋತು ಪೂರ್ತಿ ಪ್ಯೋ ಕೊಟ್ಟ ಹಾಳೆ ನೋಡಿಕೊಂಡು, ಒಂದು ಗಂಟೂ ಆಚೀಚೆ ಮಾಡದೆ ಆಡಬೇಕು. ಕೊಂದರೆ ಪ್ಯೋ ಒಂದು ಋತು ತಾಕ್ ಬರೆದುಕೊಟ್ಟ ಮಾಂಗ್‌ಖೆ ಆಡುತ್ತಾನೆ.

"ನಾಲ್ಕು ತಿಂಗಳು ಒಂದೇ ಹಾಳೆ," ಅಂದ ಪ್ಯೋ. "ಜೈಲೂಟ ಒಗ್ಗುತ್ತೇನೋ ನೋಡು."

ತಾಕ್ ಒಪ್ಪಿದ. ಹಣದ ಪಂಥವಾಗಿದ್ದರೆ ಸೋತು ಎದ್ದುಹೋಗಬಹುದಿತ್ತು. ಇವನ ಮೈಯಲ್ಲಿ ಇರುವ ಒಂದೇ ಸುಖಕ್ಕೆ ಪ್ಯೋ ಬೀಗ ತೋರಿಸಿದ್ದ.

ಅರವತ್ತನಾಲ್ಕನೆಯ ಆಳು ಹುಟ್ಟಿದ್ದು ಹಾಗೆ. ಆಟದಲ್ಲಿ ಯಾರೂ ಮೂಸದ ಒಂದು ಕೊಂಬೆಯಿದೆ. ಅದನ್ನು ಹಿಡಿದರೆ ಮೈಮೇಲೆ ಮುಳ್ಳು ಬೆಳೆಯುತ್ತದೆ, ಹೊಡೆದವನಿಗೆ ಹೊಡೆತದ ಒಂದು ಪಾಲು ವಾಪಸು. ಪಾಲು ಬಹಳ ಸಣ್ಣದು, ಸೊಳ್ಳೆ ಕಚ್ಚಿದಷ್ಟು. ಅದಕ್ಕೇ ಅದನ್ನು ಎಲ್ಲರೂ ಬಿಟ್ಟಿದ್ದರು. ತಾಕ್ ಮಾತ್ರ ಅದನ್ನು ಬೇರೆ ಮೂರು ಬಿಟ್ಟುಹೋದ ಕೊಂಬೆಗಳಿಗೆ ಗಂಟು ಹಾಕಿದ. ಈ ಆಳಿಗೆ ಕತ್ತಿಯಿಲ್ಲ, ಮಂತ್ರವಿಲ್ಲ. ದೊಡ್ಡ ಗುರಾಣಿ, ಎಮ್ಮೆಯಂಥ ಮೈ. ಅವನು ಶತ್ರುವಿನ ಮಧ್ಯೆ ಹೋಗಿ ನಿಲ್ಲುತ್ತಾನೆ, ಅಷ್ಟೇ. ಹೊಡೆದವರು ಹೊಡೆದೂ ಹೊಡೆದೂ ತಾವೇ ಬೀಳುತ್ತಾರೆ.

ಪ್ಯೋ ಹಿಂದೆ ನಿಂತು ನೋಡಿ ಕಣ್ಣೀರು ಬರುವಷ್ಟು ನಕ್ಕ. ಅವನ ಬಿಲ್ಲುಗಾತಿ ನೂರು ಹೆಜ್ಜೆ ದೂರದಿಂದ ಬಾಣ ಬಿಟ್ಟು ಹತ್ತು ಜನರನ್ನು ಕೆಡವುವ ಹೊತ್ತಿಗೆ ತಾಕ್‌ನ ಆಳು ಒಬ್ಬನ ಕೈಯಲ್ಲಿ ಒದೆ ತಿನ್ನುತ್ತಾ ನಿಂತಿರುತ್ತಿದ್ದ.

"ಲೋ ಗುನ್‌ಶಿಕ್, ಹೊಡಿ ಅಂತ ಅವರಿಗೆ ಕಾಫಿ ಕೊಡಿಸ್ತೀಯೇನೋ?"

"ಹೊಡೆಯೋನಿಗೂ ಕೈ ನೋಯುತ್ತೆ ಅಣ್ಣ. ನಾನು ನೋಡಿದೀನಿ," ಅಂದ ತಾಕ್.

ಎರಡು ತಿಂಗಳು, ಮೂರು ತಿಂಗಳು. ಇಷ್ಟು ದಿನ ಒಬ್ಬನೇ ಆಳಿನ ಜೊತೆ ಅವನು ಯಾವತ್ತೂ ಇದ್ದವನಲ್ಲ. ಕಡಿತ ಏಳದೆ ಇರಲಿಲ್ಲ. ಕೆಲವು ದಿನ ಹೊಸ ಆಳನ್ನು ಹುಟ್ಟಿಸುವ ಗುಂಡಿಯ ಮೇಲೆ ಬೆರಳಿಟ್ಟು, ತೆಗೆದು, ಎದ್ದು ಮೂರು ಸಲ ಮೆಟ್ಟಿಲು ಇಳಿದು ಹತ್ತಿ ಬರುತ್ತಿದ್ದ. ಕಡಿತವನ್ನೆಲ್ಲ ಮನೆಯಲ್ಲಿ ತೀರಿಸಿಕೊಂಡ. ಆ ಋತುವಿನಲ್ಲಿ ಫ್ರಿಜ್ಜು ಎರಡು ಸಲ ನಡೆಯಿತು, ಚಪ್ಪಲಿ ಗೂಡು ನಾಲ್ಕು ಸಲ. ಆ ಆಟದ ಅಜ್ಜಿ ಬೇಗ ಸಾಯಲಿ ಅಂತ ಮಿರಾನ್ ಪ್ರಾರ್ಥಿಸಲು ಶುರುಮಾಡಿದಳು.

ಋತು ಮುಗಿಯುವುದು ಗುರುವಾರ ಬೆಳಿಗ್ಗೆ. ಬುಧವಾರ ಹನ್ನೆರಡೂ ಕಾಲಿಗೆ ತಾಕ್‌ನ ಆಳು ಹಿಮದ ಗುಹೆಯ ಬಾಗಿಲಿಗೆ ಬಂದು ನಿಂತ. ಸುದ್ದಿ ಕುರ್ಚಿಯಿಂದ ಕುರ್ಚಿಗೆ ಹೋಯಿತು. ಏಳೆಂಟು ಜನ ಅವನ ಬೆನ್ನ ಹಿಂದೆ ನಿಂತರು, ಮುಂದೆ ಪ್ಯೋ. ಚಿಕ್ಕಮ್ಮ ಒಲೆ ಆರಿಸಿ, ನೊಣ ಹೊಡೆಯುವ ಬಡಿಗೆ ಹಿಡಿದುಕೊಂಡೇ ಬಂದಳು.

ಬಡಿಗೆ ನೊಣಕ್ಕಲ್ಲ. ಚಿಕ್ಕಮ್ಮನ ಮಾವ ಒಂದು ಕಾಲದಲ್ಲಿ ಬಂದರಿನ ಹತ್ತಿರ ಮರದ ಕೆಳಗೆ ಚದುರಂಗದ ಮಣೆ ಹಾಕಿಕೊಂಡು ಕೂರುತ್ತಿದ್ದವನು. ಹಿಂದೆ ನಿಂತವರು ಆನೆ ನಡೆಸು, ಕುದುರೆ ನಡೆಸು ಅಂತ ಬಾಯಿ ಹಾಕಿ, ಹೊಡೆದಾಟವಾಗಿ, ಮಾವನ ಎರಡು ಹಲ್ಲು ಹೋಗಿದ್ದವು. ಆ ಹಲ್ಲಿನ ಲೆಕ್ಕದಲ್ಲಿ ಚಿಕ್ಕಮ್ಮ ಗೋಡೆಯ ಮೇಲೆ ಬರೆಸಿದ್ದಳು: ಹಿಂದೆ ನಿಂತವನಿಗೆ ಕಣ್ಣುಂಟು, ಬಾಯಿಲ್ಲ. ಬಾಯಿ ಹಾಕಿದವನು ಮೂರು ದಿನ ಮೆಟ್ಟಿಲು ಹತ್ತುವಂತಿಲ್ಲ. ಬಾಯಿ ಹಾಕಿಸಿಕೊಂಡು ಗೆದ್ದದ್ದು ಗೆಲುವೇ ಅಲ್ಲ, ಹೆಸರು ಬಾಗಿಲಿಗೆ ಏರುವುದಿಲ್ಲ. ಈ ಕಾನೂನಿಗೆ ಹನ್ನೆರಡು ಋತುವಿನಲ್ಲಿ ಒಬ್ಬನೂ ಎದುರಾಡಿರಲಿಲ್ಲ.

ಬಿಳಿಯಜ್ಜಿಯ ಹತ್ತಿರ ಎರಡು ಆಯುಧ. ಒಂದು ಕೋಲು. ಅದು ಹೊಡೆತ, ಮುಳ್ಳಿಗೆ ತಾಗಿ ಅವಳಿಗೇ ವಾಪಸು ಹೋಗುತ್ತದೆ. ಇನ್ನೊಂದು ಅವಳ ಉಸಿರು. ಅದು ಬರಿಯ ಚಳಿ, ಹೊಡೆತವಲ್ಲ, ಮುಳ್ಳಿಗೆ ಲೆಕ್ಕವೇ ಇಲ್ಲ. ಆಳಿಗೆ ಚಳಿ ತಡೆಯುವ ಬಲ ನೂರಕ್ಕೆ ಎಪ್ಪತ್ತೈದು ಇದ್ದರೆ ಬದುಕಿಕೊಳ್ಳುತ್ತಾನೆ. ಕೆಳಗಿದ್ದರೆ ಒಂದೇ ಉಸಿರಿಗೆ ಮಂಜುಗಡ್ಡೆ. ತಾಕ್‌ಗೆ ಸರಿಯಾಗಿ ಎಪ್ಪತ್ತೈದಿತ್ತು. ಮೂರು ವಾರ ಒದ್ದಾಡಿ ಕೂಡಿಸಿದ ಎಪ್ಪತ್ತೈದು.

ಎಲ್ಲ ಸರಿಯಾಗಿತ್ತು. ಒಳಗೆ ಹೆಜ್ಜೆ ಇಡುವುದೊಂದೇ ಬಾಕಿ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಇದಕ್ಕೇ. ತಾಕ್ ಹೆಜ್ಜೆ ಇಡುವ ಬದಲು ಪೆಟ್ಟಿಗೆ ತೆರೆದ. ಅದರಲ್ಲಿ ನಿನ್ನೆ ಸಿಕ್ಕ ಒಂದು ಉಂಗುರವಿತ್ತು, ಮುಳ್ಳಿನ ಏಟನ್ನು ನೂರಕ್ಕೆ ಆರು ಹೆಚ್ಚಿಸುವ ಉಂಗುರ. ಬಲಗೈಯ ಹಳೆಯ ಉಂಗುರ ತೆಗೆದ, ಹೊಸದನ್ನು ಹಾಕಿದ. ಮುಳ್ಳಿನ ಲೆಕ್ಕ ಏರಿದ್ದನ್ನು ನೋಡಿ ಅವನ ಭುಜ ಸಡಿಲವಾಯಿತು. ಚಳಿ ತಡೆಯುವ ಬಲದಲ್ಲಿ ಹದಿನಾಲ್ಕು ಹಳೆಯ ಉಂಗುರದ್ದು ಎಂಬುದು ಅವನ ತಲೆಯಿಂದ ಹಾರಿಹೋಗಿತ್ತು. ತೆರೆಯ ಮೂಲೆಯಲ್ಲಿ ಎಪ್ಪತ್ತೈದು ಅರವತ್ತೊಂದಾಯಿತು. ಈ ಆಟದವರನ್ನು ಬಿಟ್ಟು ಲೋಕದಲ್ಲಿ ಇನ್ಯಾರೂ ಮಾಡಲಾರದ ತಪ್ಪು, ಈ ಆಟದವರು ಪ್ರತಿಯೊಬ್ಬರೂ ಒಮ್ಮೆ ಮಾಡಿ ಅತ್ತ ತಪ್ಪು.

ಹಿಂದೆ ನಿಂತ ಏಳೆಂಟು ಜನಕ್ಕೂ ಕಂಡಿತು. ಯಾರೋ ಮೂಗಿನಲ್ಲಿ ಉಸಿರೆಳೆದರು. ಚಿಕ್ಕಮ್ಮ ಬಡಿಗೆಯನ್ನು ಕೈ ಬದಲಾಯಿಸಿಕೊಂಡಳು. ಅವಳಿಗೂ ಕಂಡಿತ್ತು, ಹನ್ನೆರಡು ಋತು ಮಂಡು ಕರಿಯುತ್ತಾ ನೋಡಿದವಳು. ಪ್ಯೋ ಒಬ್ಬನಿಗೆ ಮಾತ್ರ ಸುಮ್ಮನಿರುವುದರಲ್ಲಿ ಲಾಭವಿತ್ತು. ಇನ್ನು ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡರೆ ಪಂಥ ಅವನದು.

ತಾಕ್‌ನ ಬೆರಳು ಗುಂಡಿಗೆ ಇಳಿಯುತ್ತಿತ್ತು.

"ಉಂಗುರ," ಅಂದ ಪ್ಯೋ.

ಬೆರಳು ನಿಂತಿತು. ತಾಕ್ ತೆರೆಯ ಮೂಲೆ ನೋಡಿದ. ಅರವತ್ತೊಂದು. ಅವನ ಕಿವಿ ಬಿಸಿಯಾಯಿತು. ಚಿಕ್ಕಮ್ಮನ ಬಡಿಗೆ ಪ್ಯೋನ ಹೆಗಲಿಗೆ ಟಪ್ ಅಂತ ಬಿತ್ತು, ಸಿಟ್ಟಿಲ್ಲದ ಏಟು, ಲೆಕ್ಕದ ಏಟು.

"ನಿನ್ನ ಕೇಳಿದ್ನಾ ನಾನು?" ತಾಕ್ ತಿರುಗದೆ ಕೇಳಿದ.

"ಇಲ್ಲ."

"ಮತ್ತೆ?"

"ಗೇಟಲ್ಲಿ ಮಗು ಕಾರಿಗೆ ಅಡ್ಡ ಓಡಿದ್ರೆ ಯಾರ ಮಗು ಅಂತ ಕೇಳಿ ಕೂಗ್ತೀನಾ? ಬಾಯಿ ತಾನೇ ಬಂತು. ಬೈಯೋದಿದ್ರೆ ಬೈಯಿ."

ತಾಕ್ ಕೂತಲ್ಲೇ ಎರಡೂ ಕಾಲು ಕುಣಿಸಿದ. ಅರವತ್ತೊಂದಿಟ್ಟುಕೊಂಡೇ ಒಳಗೆ ಹೋದರೆ ಮಾನ ಉಳಿಯುತ್ತದೆ, ಆಳು ಸಾಯುತ್ತಾನೆ. ಉಂಗುರ ಬದಲಿಸಿದರೆ ಆಳು ಉಳಿಯಬಹುದು, ಗೆಲುವು ಗೆಲುವಲ್ಲ. ಎರಡರಲ್ಲೂ ಪಂಥ ಹೋಯಿತು, ಮುಂದಿನ ನಾಲ್ಕು ತಿಂಗಳು ಪ್ಯೋನ ಹಾಳೆ ತಪ್ಪಿದ್ದಲ್ಲ. ಹಾಗಾದರೆ ಉಳಿದದ್ದು ಒಂದೇ ಪ್ರಶ್ನೆ, ಮುಳ್ಳು ಕೆಲಸ ಮಾಡುತ್ತದೋ ಇಲ್ಲವೋ. ಇದನ್ನು ತಿಳಿಯದೆ ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಮಾನಕ್ಕೆ ಸಾಯುವ ಹೀರೋಗಿರಿ ಅವನು ಹಡಗುಕಟ್ಟೆಯಲ್ಲೇ ಬಿಟ್ಟುಬಂದಿದ್ದ. ಹಳೆಯ ಉಂಗುರ ಹಾಕಿಕೊಂಡು ಒಳಗೆ ನುಗ್ಗಿದ.

ಪ್ಯೋನ ಬಿಲ್ಲುಗಾತಿಗೆ ಅಜ್ಜಿಯನ್ನು ಕೊಲ್ಲಲು ನಾಲ್ಕು ನಿಮಿಷ ಸಾಕು. ತಾಕ್‌ನ ಆಳು ಅಜ್ಜಿಯ ಕಾಲಬುಡಕ್ಕೆ ಹೋಗಿ ನಿಂತ, ನಿಂತೇ ಇದ್ದ. ಅವಳು ಕೋಲಿನಿಂದ ಬಡಿದಳು, ತೆರೆಯ ಮೇಲಿನ ಅವಳದೇ ರಕ್ತದ ಗೆರೆ ಒಂದು ಕೂದಲಿನಷ್ಟು ಇಳಿಯಿತು. ಬಡಿದಳು, ಇಳಿಯಿತು. ಅಜ್ಜಿ ದೂರ ಸರಿದರೆ ಇವನು ಹಿಂದೆ ಓಡಿ ಮತ್ತೆ ಕಾಲಬುಡ ಸೇರುತ್ತಿದ್ದ, ಸಾಲ ವಸೂಲಿಯವನ ಹಾಗೆ. ಉಸಿರು ಬಿಟ್ಟಾಗ ಇವನ ರಕ್ತ ತಳ ಕಾಣುವವರೆಗೆ ಇಳಿಯುತ್ತಿತ್ತು, ಔಷಧಿ ಕುಡಿದು ಮತ್ತೆ ನಿಲ್ಲುತ್ತಿದ್ದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹಿಂದೆ ನಿಂತವರಲ್ಲಿ ಇಬ್ಬರು ಬೇಸರವಾಗಿ ಹೋದರು, ಹೋದವರು ತಿರುಗಿ ಬಂದರು. ಮೂವತ್ತು ನಿಮಿಷವಾದಾಗ ಅಜ್ಜಿಯ ರಕ್ತ ಅರ್ಧಕ್ಕಿಂತ ತುಸು ಹೆಚ್ಚೇ ಉಳಿದಿತ್ತು, ಗಡಿಯಾರದಲ್ಲಿ ಹನ್ನೆರಡೂ ಐವತ್ತೆರಡು. ಪ್ಯೋ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಕೋಲಿನ ಏಟು ಸರಿಯಾಗಿ ಬಿದ್ದಾಗೆಲ್ಲ ಅವನ ಮಂಡಿ ಬಗ್ಗುತ್ತಿತ್ತು.

ಒಂದೂ ಇಪ್ಪತ್ತೆಂಟಕ್ಕೆ ಅಜ್ಜಿ ಕೋಲೆತ್ತಿ ಹೊಡೆದಳು, ಹೊಡೆದು ತಾನೇ ಬಿದ್ದಳು.

ಕೂಗಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ಚಿಕ್ಕಮ್ಮ ಕಿವಿಯ ಹಿಂದಿನಿಂದ ದಪ್ಪ ಪೆನ್ನು ತೆಗೆದಳು.

"ಬರೀಲೇನೋ? ಒಂದೇ ಮಾತು ಅಲ್ವಾ ಆಡಿದ್ದು. ನಾನು ಕಿವುಡಿ ಅನ್ಕೊ."

"ಬೇಡ ಚಿಕ್ಕಮ್ಮ," ಅಂದ ತಾಕ್ ಜಾಕೆಟ್ಟಿಗೆ ತೋಳು ತೂರಿಸುತ್ತಾ. "ನಿಮ್ಮ ಮಾವನ ಹಲ್ಲು ಯಾಕೆ ದಂಡ ಮಾಡ್ತೀರಿ." ಮೆಟ್ಟಿಲಿಗೆ ಓಡಿದವನು ಅರ್ಧದಿಂದ ಹತ್ತಿ ಬಂದು ಪ್ಯೋಗೆ ಹೇಳಿದ: "ಶುಕ್ರವಾರ ಹಾಳೆ ತಗೊಂಡು ಬಾ. ಸೋತಿದೀನಿ."

"ನಾನು ಮೂರು ದಿನ ಬರೋ ಹಾಗಿಲ್ಲ."

"ಹಾಗಾದ್ರೆ ಕೆಳಗೆ ಮೀನಿನ ಹೋಟ್ಲಲ್ಲಿ ಕೊಡು."

ವ್ಯಾನು ಆ ದಿನ ಮೊದಲ ಮನೆಗೆ ಆರು ನಿಮಿಷ ತಡವಾಯಿತು. ಗೆದ್ದ ಸಂತೋಷ ಬರುತ್ತದೆ ಅಂತ ಎರಡು ಸಿಗ್ನಲ್ಲು ಕಾದ. ಬಂದದ್ದು ಬೇರೆಯೇ. ಮುಳ್ಳಿನ ಜೊತೆ ವಿಷ ಸೇರಿಸಿದ್ದರೆ ಅರ್ಧ ಹೊತ್ತು ಉಳಿಯುತ್ತಿತ್ತಲ್ಲ. ಮೂರನೆಯ ಸಿಗ್ನಲ್ಲಿನಲ್ಲಿ ಪ್ರಶ್ನೆಪತ್ರಿಕೆ ಮಗುಚಿದ, ಪೆನ್ನು ಹಿಡಿದ, ಮುಂದಿನ ನಾಲ್ಕು ತಿಂಗಳು ಇದಕ್ಕೆ ಬೀಗ ಬಿದ್ದಿದೆ ಎಂಬುದು ಆಗ ನೆನಪಾಯಿತು. ಹಿಂದಿನ ಲಾರಿಯವನು ಹಾರನ್ ಒತ್ತುವವರೆಗೆ ಹಾಗೇ ಕೂತಿದ್ದ.

ಶುಕ್ರವಾರ ಮೀನಿನ ಹೋಟೆಲಿನಲ್ಲಿ ಪ್ಯೋ ಹದಿನಾಲ್ಕು ಪುಟ ಕೊಟ್ಟ. ಕೊಟ್ಟವನು ಏಳಲಿಲ್ಲ. ತುಟಿ ಒರೆಸಿಕೊಂಡು, ನಿನ್ನ ಮುಳ್ಳಿನವನ ಮರ ಬರೆದುಕೊಡು ಅಂದ. ಪಂಥ ಗೆದ್ದದ್ದು ನೀನಲ್ಲವಾ ಅಂತ ತಾಕ್ ಕೇಳಿದ್ದಕ್ಕೆ, ಬಾಯಿ ಹಾಕಿ ಗೆದ್ದದ್ದೂ ಗೆಲುವಲ್ಲ, ಗೋಡೆ ಮೇಲೆ ನಿನಗೊಬ್ಬನಿಗೇ ಬರೆದಿದ್ದಾರಾ ಅಂದ. ತಾಕ್ ಕೈ ಒರೆಸುವ ಕಾಗದದ ಮೇಲೆ ಮರ ಬರೆದುಕೊಟ್ಟ. ಹೀಗೆ ಇಬ್ಬರೂ ಒಂದೊಂದು ಶಿಕ್ಷೆ ಹೊತ್ತುಕೊಂಡು ಎದ್ದರು.

ತಾಕ್ ಬಿಲ್ಲುಗಾತಿಯನ್ನು ಗೆರೆ ತಪ್ಪದೆ ಕಟ್ಟಿದ. ಟಿಕ್ ಹೊಡೆದ. ಹದಿನಾರನೆಯ ದಿನ ಬಿಳಿಯಜ್ಜಿ ನಾಲ್ಕೂವರೆ ನಿಮಿಷಕ್ಕೆ ಸತ್ತಳು. ಚಿಕ್ಕಮ್ಮ ಬಾಗಿಲ ಮೇಲೆ ಅವನ ಹೆಸರು ಬರೆದಳು, ಜನ್ಮದಲ್ಲಿ ಮೊದಲ ಸಲ. ಅದನ್ನು ಅವನು ನೀರಿನ ಬಿಲ್ಲು ನೋಡಿದ ಹಾಗೆ ನೋಡಿದ.

"ಒಂದು ಮಾತು ಬಾಯಿ ಹಾಕಿದ್ರೆ ಲೆಕ್ಕಕ್ಕಿಲ್ಲ, ಹದಿನಾಲ್ಕು ಪುಟ ಬಾಯಿ ಹಾಕಿದ್ರೆ ಬಾಗಿಲಿಗೇರುತ್ತೆ. ಇದ್ಯಾವ ಸೀಮೆ ಕಾನೂನು ಚಿಕ್ಕಮ್ಮ?"

"ಹೇಳಿಸ್ಕೊಂಡಿದ್ದು ಬೇರೆ, ಓದ್ಕೊಂಡಿದ್ದು ಬೇರೆ," ಅಂದಳು ಚಿಕ್ಕಮ್ಮ. ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, "ನನ್ನ ಮಾವಂಗೆ ಓದೋಕೆ ಬರ್ತಿರಲಿಲ್ಲ," ಅಂತ ಸೇರಿಸಿ ಒಲೆಯ ಕಡೆ ಹೋದಳು.

ಆ ಹೊತ್ತಿಗೆ ಪ್ಯೋ ಮೂರು ಮುಳ್ಳಿನವರನ್ನು ಕೊಲ್ಲಿಸಿ ನಾಲ್ಕನೆಯವನನ್ನು ಬೆಳೆಸುತ್ತಿದ್ದ. ಮೊದಮೊದಲು ಪ್ರತಿ ಗಂಟಿಗೂ ತಾಕ್‌ಗೆ ಫೋನು ಮಾಡುತ್ತಿದ್ದವನು ಈಗ ಮಾಡುವುದನ್ನು ನಿಲ್ಲಿಸಿದ್ದ. ಕಾವಲಿನ ಗೂಡಿನಲ್ಲಿ ಅವನು ವಾಹನದ ನಂಬರು ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಏನೋ ಗೀಚುತ್ತಾನೆ, ಎರಡು ಕಾರನ್ನು ಬರೆದುಕೊಳ್ಳದೆ ಒಳಗೆ ಬಿಟ್ಟು ಬೈಗುಳ ತಿಂದನಂತೆ ಅಂತ ಸುದ್ದಿ.

ಒಂದು ಬೆಳಿಗ್ಗೆ ಆಡಲು ಏನೂ ಉಳಿಯದ ತಾಕ್ ಮಂಡು ತಟ್ಟೆ ಹಿಡಿದು ಅವನ ಹಿಂದೆ ನಿಂತ. ಪ್ಯೋನ ಆಳು ಗುಹೆಯ ಕಡೆ ನಡೆಯುತ್ತಿದ್ದ. ಮರದಲ್ಲಿ ತಾಕ್ ಬರೆದುಕೊಡದ ಎಂಟು ಗಂಟುಗಳಿದ್ದವು, ಅವನಿಗೆ ಯಾವತ್ತೂ ಹೊಳೆಯದ ಒಂದು ಕೊಂಬೆ. ತೆರೆಯ ಮೂಲೆಯಲ್ಲಿ ಚಳಿ ತಡೆಯುವ ಬಲ ಐವತ್ತೆಂಟು. ಅದು ಮರೆವೋ, ಆ ಎಂಟು ಗಂಟಿನ ನಂಬಿಕೆಯ ಮೇಲೆ ಬೇಕೆಂದೇ ಮಾಡಿದ್ದೋ, ಹಿಂದಿನಿಂದ ನೋಡಿದವನಿಗೆ ತಿಳಿಯುವ ಹಾಗಿರಲಿಲ್ಲ. ಪ್ಯೋನ ಕತ್ತಿನಲ್ಲಿ ಬೆವರಿತ್ತು, ಕಾಲು ಎರಡೂ ಕುಣಿಯುತ್ತಿದ್ದವು.

ತಾಕ್ ಬಾಯಿ ತೆರೆದ. ಚಿಕ್ಕಮ್ಮ ಒಲೆಯ ಹತ್ತಿರದಿಂದ ಬಡಿಗೆ ಎತ್ತಿ ತೋರಿಸಿದಳು. ತೆರೆದ ಬಾಯಿಗೆ ಅವನು ಒಂದು ಇಡೀ ಮಂಡು ತುರುಕಿಕೊಂಡ. ಅದು ಆಗಷ್ಟೇ ಎಣ್ಣೆಯಿಂದ ಎದ್ದದ್ದು, ನಾಲಿಗೆ ಸುಟ್ಟುಹೋಯಿತು. ಉಗುಳದೆ, ನುಂಗದೆ ಹಾಗೇ ನಿಂತ. ಪ್ಯೋನ ಆಳು ಒಳಗೆ ಹೆಜ್ಜೆ ಇಟ್ಟ.